ಶರಣಪ್ಪನ ಮುಂದೆ ನಾನು ಎತ್ತಿದ ಎರಡು ಬೆರಳು

ನನ್ನನ್ನು ಯಾರಾದರೂ ನಿವೃತ್ತರು ಎಂದು ಕರೆದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ, ಅಲ್ಲಿ ಯಾರೋ ವಯಸ್ಸಾದವರು ನಿಂತಿರಬೇಕು ಅಂತ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಹಾರ ಹಾಕಿ, ಅಧ್ಯಕ್ಷರು ಭಾಷಣ ಶುರುಮಾಡಿದರು. ಅವರಿಗೆ ಪ್ರತಿ ವಾಕ್ಯದ ಕೊನೆಗೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ. ಎರಡನೇ ವಾಕ್ಯಕ್ಕೆ ಅವರಿಗಿಂತ ಮೊದಲು ನನ್ನ ಗಂಟಲೇ ಸರಿಯಾಯಿತು. ಸಭೆ ನಕ್ಕಿತು. ನನ್ನ ಹೆಂಡತಿ ಮಾತ್ರ ನಗಲಿಲ್ಲ. ಮೂವತ್ತು ವರ್ಷದಿಂದ ನನ್ನ ಈ ಅನುಕರಣೆಯ ಚಾಳಿ ನೋಡುತ್ತಿದ್ದಾಳೆ, ಅವಳಿಗೂ ಸಾಕಾಗಿರುತ್ತದೆ.

ಆಪ್ತಸಲಹೆ ಕಲಿಯುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಸರ್, ಇಎಂಡಿಆರ್ ಆಗ ಹೇಗೆ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಕೆಟ್ಟ ನೆನಪು ಹೊತ್ತು ಬಂದವರ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಿ, ಆ ನೆನಪಿನ ಬಿಸಿ ಆರಿಸುವ ಚಿಕಿತ್ಸೆ ಅದು. ಈಗಿನವರ ಹತ್ತಿರ ಬೆಳಕಿನ ಚುಕ್ಕೆ ತಾನಾಗಿಯೇ ಓಡಾಡುವ ಪಟ್ಟಿ ಇದೆ, ಕಿವಿಗೆ ಹಾಕುವ ಯಂತ್ರವಿದೆ. ನಮ್ಮ ಹತ್ತಿರ ಇದ್ದದ್ದು ಬೆರಳು. ಅದೂ ನನ್ನದು. ಆ ಬೆರಳಿನ ಕಥೆಯನ್ನೇ ಬರೆಯುತ್ತೇನೆ. ಬಡ್ತಿ, ಸಂಬಳದ ಶ್ರೇಣಿ ಇತ್ಯಾದಿ ಬೇಕಾದವರು ನನ್ನ ಹೆಂಡತಿಯನ್ನು ಕೇಳಬಹುದು. ಅವಳಿಗೆ ಅದೆಲ್ಲ ನನಗಿಂತ ಚೆನ್ನಾಗಿ ನೆನಪಿದೆ.

ತೊಂಬತ್ತರ ದಶಕದ ಕೊನೆಯ ಭಾಗ. ಪೀಣ್ಯದಲ್ಲಿ ಬೇರಿಂಗ್ ಮಾರುವ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಸಣ್ಣ ಕೇಂದ್ರವಿತ್ತು. ಕಾರ್ಖಾನೆ ಕೆಲಸಗಾರರ ತಲೆನೋವು, ಕುಡಿತ, ನಿದ್ದೆಗೇಡು, ಗಂಡ ಹೆಂಡಿರ ಜಗಳ ಎಲ್ಲವೂ ಆ ಕಿರಿದಾದ ಮೆಟ್ಟಿಲು ಹತ್ತಿಯೇ ಬರಬೇಕು. ಕೆಳಗೆ ಟೀ ಅಂಗಡಿ, ಅದರಾಚೆ ಸಾಲಾಗಿ ಲಾರಿಗಳು. ನಾನಾಗ ಹೊಸ ಸಲಹೆಗಾರ. ಕ್ರಾಪು ದಟ್ಟವಾಗಿತ್ತು, ನಾಲಿಗೆ ಅದಕ್ಕಿಂತ ದಟ್ಟ.

ನನ್ನ ಮೇಲಧಿಕಾರಿ ಡಾಕ್ಟರ್ ಗಿರಿಜಾ, ಮನೋವೈದ್ಯೆ. ದಾವಣಗೆರೆ ಕಡೆಯವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾರಿನ ಕೀ. ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟಿನಿಂದ ಇಡೀ ಬೆಂಗಳೂರನ್ನು ಅಡ್ಡಕ್ಕೆ ಸೀಳಿಕೊಂಡು ಪೀಣ್ಯಕ್ಕೆ ಬರುತ್ತಿದ್ದರು. ಬಂದ ತಕ್ಷಣ "ಅಬ್ಬಬ್ಬಬ್ಬ, ಏನ್ ರೋಡಪಾ" ಎಂದು ಕುರ್ಚಿಗೆ ಬೀಳುತ್ತಿದ್ದರು. ಮೂರು 'ಬ್ಬ'ಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಾನು ಮೆಟ್ಟಿಲ ಸದ್ದು ಕೇಳಿದೊಡನೆ ಒಳಗಿನಿಂದಲೇ ಅದನ್ನು ಹೇಳಿಬಿಡುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು, "ಇವತ್ತು ನಂದೊಂದು ಮಾತು ಉಳೀತು ನೋಡು, ಟೇಪ್ ರೆಕಾರ್ಡರ್" ಅನ್ನುತ್ತಿದ್ದರು. ನಿವೃತ್ತಿಯವರೆಗೂ ಅದೇ ನನ್ನ ಹೆಸರಾಗಿತ್ತು.

ಒಮ್ಮೆ ಅವರು ಯಾವುದೋ ತರಬೇತಿ ಮುಗಿಸಿಕೊಂಡು ಈ ಹೊಸ ಚಿಕಿತ್ಸೆಯೊಂದಿಗೆ ಬಂದರು. ಮೊದಲ ಬಲಿ ನಾನೇ. "ನಿನ್ನ ಒಂದು ಸಣ್ಣ ಕೆಟ್ಟ ನೆನಪು ಹೇಳಪಾ" ಅಂದರು. ನಾನು ಹೈಸ್ಕೂಲಿನದೊಂದು ಆರಿಸಿದೆ. ಲೆಕ್ಕದ ಮೇಷ್ಟ್ರ ನಡಿಗೆಯನ್ನು ಅನುಕರಿಸುತ್ತಾ ಬೋರ್ಡಿನ ಮುಂದೆ ಹೋಗುತ್ತಿದ್ದಾಗ ಅವರೇ ಬಂದು, ಹುಡುಗಿಯರ ಸಾಲಿನೆದುರು ಕೆನ್ನೆಗೆ ಬಾರಿಸಿದ್ದು. ಅದನ್ನು ನೆನೆದರೆ ಅಷ್ಟು ವರ್ಷದ ಮೇಲೂ ಕಿವಿ ಬಿಸಿಯಾಗುತ್ತಿತ್ತು.

"ಆ ಏಟನ್ನ ಮನಸ್ಸಲ್ಲಿಟ್ಕೋ. ತಲೆ ಅಲ್ಲಾಡಿಸಬೇಡ. ಕಣ್ಣಷ್ಟೇ ನನ್ನ ಬೆರಳ ಹಿಂದೆ ಬರ್ಲಿ" ಎಂದು ತೋರುಬೆರಳು, ನಡುಬೆರಳು ಜೋಡಿಸಿ ನನ್ನ ಮುಖದ ಮುಂದೆ ಎಡಕ್ಕೆ ಬಲಕ್ಕೆ ಆಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ನಿಲ್ಲಿಸಿ, "ಉಸಿರು ಎಳ್ಕೋ. ಈಗ ಏನ್ ಬರ್ತಿದೆ?" ಸಿಟ್ಟು ಬರುತ್ತಿದೆ ಅಂದೆ. "ಅದರ ಜೊತೆಗೇ ಹೋಗು." ಮತ್ತೆ ಬೆರಳು. ಈಗ ನಾಚಿಕೆ. ಮತ್ತೆ ಬೆರಳು. ಆಮೇಲೆ ಯಾಕೋ ಮೇಷ್ಟ್ರ ಜೇಬಿನ ಮಸಿ ಕಲೆ ಕಂಡಿತು. ಆಮೇಲೆ ಅವರ ಕೈ ನಡುಗುತ್ತಿದ್ದದ್ದು. ಪಾಪ, ಹೊಡೆದು ಅಭ್ಯಾಸವಿರಲಿಲ್ಲ ಆ ಮನುಷ್ಯನಿಗೆ. ಕೊನೆಗೆ ನನಗೆ ನಗು ಬಂತು. ನೆನಪು ಎಲ್ಲೂ ಹೋಗಲಿಲ್ಲ, ಏಟು ಏಟಾಗಿಯೇ ಉಳಿಯಿತು. ಕಿವಿ ಮಾತ್ರ ತಣ್ಣಗಿತ್ತು.

"ಇದೇನ್ ಮೇಡಂ, ಮಂತ್ರವಾ?" ಅಂದೆ.

"ಯಾಕೆ ಹಿಂಗಾಗುತ್ತೆ ಅಂತ ಕಂಡುಹಿಡಿದವರಿಗೇ ಪೂರ್ತಿ ಗೊತ್ತಿಲ್ಲಪಾ. ಕೆಟ್ಟ ನೆನಪು ಒಂದೇ ಜಾಗದಲ್ಲಿ ಸಿಕ್ಕಾಕ್ಕೊಂಡಿರುತ್ತೆ. ಅದನ್ನ ನೆನೀತಾ, ಇಲ್ಲೀದೂ ಒಂದನ್ನ ನೋಡ್ತಾ ಇದ್ರೆ ಅದು ಮುಂದಕ್ಕೆ ಸರಿಯುತ್ತೆ. ನಾವು ದಾರಿ ಬಿಟ್ಟು ನಿಂತ್ಕೋಬೇಕು, ಅಷ್ಟೆ."

ದಾರಿ ಬಿಟ್ಟು ನಿಲ್ಲುವುದು ನನ್ನ ಜಾಯಮಾನದಲ್ಲೇ ಇರಲಿಲ್ಲ. ಆದರೆ ಡಾಕ್ಟರಿಗೆ ಭುಜ ಹಿಡಿದುಕೊಂಡಿತ್ತು. ಕೈ ಎತ್ತಿ ಬಹಳ ಹೊತ್ತು ಆಡಿಸಲು ಆಗುತ್ತಿರಲಿಲ್ಲ. ಹಾಗಾಗಿ ಒಪ್ಪಂದವೊಂದು ಆಯಿತು: ಮಾತು ಅವರದು, ಬೆರಳು ನನ್ನದು. ಎರಡು ಡಿಗ್ರಿ ಓದಿ ನಾನು ಕಾರಿನ ವೈಪರ್ ಆದೆ. ಸುದ್ದಿ ಹಬ್ಬಿತು, ಪೀಣ್ಯದಲ್ಲಿ ಕಣ್ಣಿನ ಡಾಕ್ಟರು ಬಂದಿದ್ದಾರೆ ಅಂತ. ಕೆಲವರು ಕನ್ನಡಕದ ನಂಬರ್ ಬರೆಸಿಕೊಳ್ಳಲು ಬಂದರು. ಲೇತ್ ಶಾಪಿನ ಮಾಲೀಕರೊಬ್ಬರು ನನ್ನ ಬೆರಳನ್ನೇ ನೋಡುತ್ತಾ ಗೊರಕೆ ಹೊಡೆದರು. ಎದ್ದು, "ಸಕ್ಕತ್ ಟ್ರೀಟ್ಮೆಂಟ್ ಗುರು, ನಾಳೆ ಬರ್ತೀನಿ" ಅಂದರು.

ಹೀಗಿರುವಾಗ ಇಬ್ಬರು ಗೆಳೆಯರು ಮೆಟ್ಟಿಲು ಹತ್ತಿ ಬಂದರು. ಶರಣಪ್ಪ ಮತ್ತು ಯಮನೂರಪ್ಪ. ಕೊಪ್ಪಳದ ಕಡೆಯವರು, ರಾಜಗೋಪಾಲನಗರದ ಒಂದೇ ಬಾಡಿಗೆ ಕೋಣೆಯಲ್ಲಿದ್ದವರು, ಒಂದೇ ಕಾರ್ಖಾನೆಯ ಒಂದೇ ಪ್ರೆಸ್ ಮಿಷನ್ನಿನ ಮೇಲೆ ದುಡಿಯುತ್ತಿದ್ದವರು. ಯಮನೂರಪ್ಪ ತಗಡು ಇಡಬೇಕು, ಶರಣಪ್ಪ ಪೆಡಲ್ ಒತ್ತಬೇಕು, ಮೇಲಿನಿಂದ ಅಚ್ಚು ಬಿದ್ದು ತಗಡು ಕತ್ತರಿಸಬೇಕು. ಕೆಲವು ತಿಂಗಳ ಹಿಂದೆ ಅಚ್ಚಿನಡಿ ಯಮನೂರಪ್ಪನ ಬಲಗೈಯ ಎರಡು ಬೆರಳು ಹೋಗಿದ್ದವು.

ನಾನು ಸಹಜವಾಗಿ ಯಮನೂರಪ್ಪನಿಗೇ ಕುರ್ಚಿ ಎಳೆದೆ. ಅವನು ಕೂರಲಿಲ್ಲ. ಗೆಳೆಯನನ್ನು ಮುಂದಕ್ಕೆ ನೂಕಿದ.

"ನಂಗಲ್ರಿ ಸರ, ಇವಗ. ಬೆರಳು ಹೋಗಿದ್ದು ನಂದು, ತಲಿ ಕೆಟ್ಟಿದ್ದು ಇವಂದು."

ಶರಣಪ್ಪ ನೆಲ ನೋಡುತ್ತಿದ್ದ. ಯಮನೂರಪ್ಪನೇ ಹೇಳಿದ: "ರೊಟ್ಟಿ ತಟ್ಟತಾನ್ರಿ, ಪಲ್ಯ ಮಾಡತಾನ್ರಿ, ನನ್ನ ಮುಂದ ತಾಟು ಇಟ್ಟು ಹೊರಗ ಹೋಗಿಬಿಡತಾನ್ರಿ. ನಾ ಉಂಡು ಕೈ ತೊಳದ ಮ್ಯಾಲ ಒಳಗ ಬರತಾನ. ನನ್ನ ಕೈ ನೋಡೂದಿಲ್ಲ, ಮಾರಿ ನೋಡೂದಿಲ್ಲ. ಈಗ ಬಾಡಿಗಿ ಖೋಲೀನ ಬಿಟ್ಟು ಹೋಗ್ತೀನಿ ಅನ್ನಾಕತ್ತಾನ. ಅಂವಾ ನನ್ನ ಕೂಡ ಕುಂತು ಒಂದು ಹೊತ್ತು ಊಟಾ ಮಾಡಿದರ ಸಾಕ್ರಿ. ಮತ್ತೇನೂ ಬ್ಯಾಡ ನಂಗ."

ಇಷ್ಟು ಹೇಳಿ ಅವನು ಟೀ ಕುಡಿಯಲು ಕೆಳಗಿಳಿದ. ಶರಣಪ್ಪನ ವಿವರ ಕೇಳುವ ಕೆಲಸ ನನ್ನದು. ಕೇಳಿದೆ ಅನ್ನುವುದಕ್ಕಿಂತ ನಾನೇ ಮಾತಾಡಿದೆ ಅನ್ನಬೇಕು. ಎದುರಿಗಿದ್ದವರ ಧಾಟಿ ನನ್ನ ಬಾಯಿಗೆ ಅಂಟಿಬಿಡುತ್ತದೆ. ಐದು ನಿಮಿಷಕ್ಕೆ ನಾನೂ "ಹೌದೇನ್ರಿ? ಯಾವಾಗಿಂದ್ರಿ?" ಎಂದು ಶುರುಮಾಡಿದ್ದೆ. ಅವನು ಮೊದಲ ಸಲ ತಲೆಯೆತ್ತಿದ.

"ನೀವೂ ನಮ್ಮ ಕಡೇವರೇನ್ರಿ? ಯಾವ ಊರ್ರಿ?"

"ಇಲ್ಲೇ, ಮಾಗಡಿ ರೋಡು."

ಅವನ ಮುಖ ಸಪ್ಪಗಾಯಿತು. ನಾನು ಗಲಿಬಿಲಿಯಲ್ಲಿ ಮುಂದಿನ ಪ್ರಶ್ನೆಗಳನ್ನು ಗಡಗಡನೆ ಮುಗಿಸಿದೆ. ಏನಾಯಿತು ಎಂದೆ. "ಮಿಷನ್ನಿನ್ಯಾಗ ಆತ್ರಿ" ಅಂದ. ಕಣ್ಣ ಮುಂದೆ ಬರುವುದು ನಿಖರವಾಗಿ ಏನು ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ. ಡಾಕ್ಟರ್ ಕರೆದರು, ಒಳಗೆ ಹೋದೆವು. ಅವರು ಅವನಿಗೆ ವಿಧಾನ ವಿವರಿಸಿ, ನನ್ನ ಕಡೆ ತಲೆಯಾಡಿಸಿದರು. ನಾನು ಬಹಳ ಗಾಂಭೀರ್ಯದಿಂದ ಬಲಗೈ ಮುಂದೆ ಚಾಚಿ, ತೋರುಬೆರಳು, ನಡುಬೆರಳು ಜೋಡಿಸಿ, ಅವನ ಕಣ್ಣೆದುರು ನೆಟ್ಟಗೆ ಎತ್ತಿದೆ.

ಯಮನೂರಪ್ಪ ಕಳೆದುಕೊಂಡದ್ದು ಬಲಗೈಯ ತೋರುಬೆರಳು ಮತ್ತು ನಡುಬೆರಳು.

ಬಹುಶಃ ಪೀಣ್ಯದಲ್ಲಿ ಮಾತ್ರ ಆಗಬಹುದಾದ ತಪ್ಪು. ತರಬೇತಿ ಕೊಟ್ಟವರ ಊರಲ್ಲಿ ಬೆರಳು ಅಂದರೆ ಬೆರಳು, ಅಷ್ಟೆ. ನಮ್ಮ ರಸ್ತೆಯಲ್ಲಿ ಟೀ ಗ್ಲಾಸು ಹಿಡಿದ ಕೈಗಳಲ್ಲಿ ಎಷ್ಟಕ್ಕೆ ಬೆರಳು ಕಮ್ಮಿ ಎಂದು ಒಂದು ಬೆಳಿಗ್ಗೆ ಸುಮ್ಮನೆ ನೋಡಿದ್ದರೂ ನಮಗೆ ಹೊಳೆಯಬೇಕಿತ್ತು.

ಶರಣಪ್ಪ ಕೂಗಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು, ಬಾಗಿಲು ಗೋಡೆಗೆ ಬಡಿಯಿತು, ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ನಾನೂ ಓಡಿದೆ. ಅವನು ಲಾರಿಯೊಂದರ ಚಕ್ರ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ನನ್ನನ್ನು ಕಂಡು, "ಕೈ... ಕೈ..." ಅಂದ. ತಕ್ಷಣ ಎರಡೂ ಕೈ ಪ್ಯಾಂಟಿನ ಜೇಬಿಗೆ ಇಳಿಸಿದೆ.

"ಹೊರಗ ತಗೀಬ್ಯಾಡ್ರಿ."

"ಇಲ್ಲ ಕಣ್ರೀ, ತೆಗೆಯಲ್ಲ. ಆಣೆಗೂ ತೆಗೆಯಲ್ಲ."

ನಾನು ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು. ಟೀ ಅಂಗಡಿಯ ಮಾಲೀಕ ನೀರು ಕೊಟ್ಟ, ಆಮೇಲೆ ಎರಡು ಟೀ ತಂದು ಲಾರಿಯ ಬಂಪರಿನ ಮೇಲಿಟ್ಟ. ಶರಣಪ್ಪ ಬಾಯಿ ತೊಳೆದು ಒಂದು ಗುಟುಕು ಕುಡಿದ. ನನ್ನ ಕಡೆ ನೋಡಿದ.

"ಟೀ ಆರಾಕತ್ತೇತ್ರಿ."

"ಆರಲಿ ಬಿಡಿ. ಕೈ ಜೇಬಲ್ಲಿದೆಯಲ್ಲ."

ಅವನು ಸ್ವಲ್ಪ ಯೋಚಿಸಿದ. ಆಮೇಲೆ ನನ್ನ ಗ್ಲಾಸು ಎತ್ತಿ, ಊದಿ, ನನ್ನ ಬಾಯಿಗೆ ಹಿಡಿದ. ನಾನು ಕುಡಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಬೆಂಚಿನ ಮೇಲೆ ಕೂತಿದ್ದ ಯಮನೂರಪ್ಪ ಅಲ್ಲಿಂದಲೇ ಕೂಗಿದ: "ಏ ಶರಣ್ಯಾ! ನನ್ನ ಕೂಡ ಕುಂತು ಟೀ ಕುಡಿಯಾಕ ಆಗೂದಿಲ್ಲ ನಿಂಗ, ಈ ಬೆಂಗ್ಳೂರು ಸರಗ ಬಾಯಾಗ ಹಾಕಾಕತ್ತೀಯಲ್ಲೋ!"

ಶರಣಪ್ಪನ ತುಟಿ ಒಂದಿಷ್ಟು ಅಲುಗಿತು. ಆದರೆ ಅವನು ಆ ಕಡೆ ತಿರುಗಲಿಲ್ಲ.

ಮೇಲೆ ಡಾಕ್ಟರ್ ಗಿರಿಜಾ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಅನುಕರಿಸಲು ಹೊಸ ಸರಕಾದರೂ ಸಿಗುತ್ತಿತ್ತು. "ನಾನೂ ಅಲ್ಲೇ ಕೂತಿದ್ದೆನಲ್ಲಪಾ, ನಂಗೂ ಹೊಳೀಲಿಲ್ಲ" ಎಂದು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ಮೊದಲು ಅವನಿಗೆ ನಮ್ಮ ಮೇಲೆ ಧೈರ್ಯ ಬರ್ಲಿ. ನೆನಪಿನ ತಂಟೆಗೆ ಆಮೇಲೆ ಹೋಗೋಣ." ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೊಂದನ್ನು ನನ್ನಿಂದ ತೆಗೆದುಕೊಳ್ಳಿ. ಕಣ್ಣು ಆಡಿಸುವುದು ಈ ಚಿಕಿತ್ಸೆಯ ಸಣ್ಣ ಪಾಲು. ಅದಕ್ಕೆ ಮುಂಚಿನ ಕೂರುವುದು, ಕೇಳುವುದು, ಕಾಯುವುದು ಎಲ್ಲವೂ ದೊಡ್ಡ ಪಾಲು.

ಶರಣಪ್ಪ ಮತ್ತೆ ಬಂದ. ನನಗೆ ಟೀ ಕುಡಿಸಿದ ಮೇಲೆ ನನ್ನ ಮೇಲೆ ಅವನಿಗೇನೋ ಜವಾಬ್ದಾರಿ ಹುಟ್ಟಿತ್ತು ಅಂತ ಕಾಣುತ್ತದೆ. ಡಾಕ್ಟರ್ ಅವನೊಂದಿಗೆ ಮಾತಾಡಿದರು, ನಾನು ಜೇಬಿನಲ್ಲಿ ಕೈಯಿಟ್ಟು ಕೂತೆ. ಬೇಡ ಅನ್ನಿಸಿದರೆ ಕೈ ಎತ್ತು ಎನ್ನುವುದು ವಾಡಿಕೆ. ಇಲ್ಲಿ ಕೈಯ ಸುದ್ದಿಯೇ ಬೇಡ ಎಂದುಕೊಂಡೆವು. "ಮಿಷನ್ ನಿಲ್ಲಿಸೋಕೆ ನೀವು ಏನಂತ ಕೂಗ್ತೀರಿ?" ಎಂದರು ಡಾಕ್ಟರ್. "ಬಂದ್ ಅಂತೀವ್ರಿ." ಸರಿ, "ಬಂದ್" ಅಂದರೆ ನಾವು ನಿಲ್ಲಿಸಬೇಕು. ಮನಸ್ಸಿಗೆ ಹಾಯೆನಿಸುವ ಒಂದು ಜಾಗ ನೆನೆಸಿಕೊ ಎಂದಾಗ, ರಜೆಯ ದಿನದ ಮಧ್ಯಾಹ್ನ ತಮ್ಮ ವಠಾರದ ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳು ಎಂದ. "ಆವತ್ತು ಒಂದೂ ಮಿಷನ್ ಸಪ್ಪಳ ಇರೂದಿಲ್ರಿ."

ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರವರೆಗೆ ಅಳೆದು ಹೇಳು ಎನ್ನುವುದು ಪುಸ್ತಕದ ಕ್ರಮ. ಅವನು ಪರೀಕ್ಷೆಗೆ ಕೂತವನಂತೆ ಪೆಚ್ಚಾದ. ಆಮೇಲೆ ತಾನೇ ಒಂದು ಅಳತೆ ತೆಗೆದ. ಪ್ರೆಸ್ ಮಿಷನ್ನುಗಳನ್ನು ಅವು ಹೊಡೆಯುವ ಭಾರದ ಮೇಲೆ ಹತ್ತು ಟನ್ನಿನದು, ಐವತ್ತು ಟನ್ನಿನದು ಎಂದು ಕರೆಯುತ್ತಾರೆ. ಎದೆ ಮುಟ್ಟಿಕೊಂಡು, "ನೂರು ಟನ್ನಿಂದು ಕುಂತೇತ್ರಿ ಇಲ್ಲಿ" ಅಂದ. ಅಂದಿನಿಂದ ನಮ್ಮ ಕೇಂದ್ರದಲ್ಲಿ ಎಲ್ಲರ ದುಃಖವನ್ನೂ ಟನ್ನಿನಲ್ಲೇ ಅಳೆದೆವು. ಮುಂದೆ ವೈಟ್‌ಫೀಲ್ಡ್ ಕಡೆಯ ಸಾಫ್ಟ್‌ವೇರ್ ಹುಡುಗನೊಬ್ಬ, "ಇದಕ್ಕೆ ದಶಮಾಂಶ ಬಳಸಬಹುದಾ ಸರ್?" ಎಂದು ಕೇಳಿದ್ದ.

ಬೆರಳಿಗೆ ಬದಲಿ ಏನು? ಪೆನ್ನು ಹಿಡಿದರೂ ಹಿಡಿಯುವುದು ಬೆರಳೇ. ನಾನು ಎಡಕಿವಿಯ ಹತ್ತಿರ ಕಾಗೆಯಂತೆ, ಬಲಕಿವಿಯ ಹತ್ತಿರ ಕೋಗಿಲೆಯಂತೆ ಕೂಗಿದರೆ ಹೇಗೆ ಎಂದು ಸಲಹೆ ಕೊಟ್ಟೆ. ಡಾಕ್ಟರ್ ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು. ಅಷ್ಟರಲ್ಲಿ ಕರೆಂಟು ಹೋಯಿತು. ಬೇರಿಂಗ್ ಅಂಗಡಿಯ ವಾಚ್‌ಮನ್ ಟಾರ್ಚು ಹಿಡಿದು ಮೆಟ್ಟಿಲು ಹತ್ತಿದ. ಬೆಳಕಿನ ದುಂಡನೆಯ ಚುಕ್ಕೆ ನಮ್ಮ ಗೋಡೆಯ ಮೇಲೆ ಆ ಕಡೆ ಈ ಕಡೆ ಓಲಾಡಿತು. ಬಾಗಿಲಲ್ಲಿದ್ದ ವಾಚ್‌ಮನ್ನನ ಕೈ ಯಾರಿಗೂ ಕಾಣಲಿಲ್ಲ.

"ಅದೇ!" ಎಂದು ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಡಾಕ್ಟರ್ ತಮ್ಮ ದನಿಯಲ್ಲಿ, ನಾನೂ ಅವರದೇ ದನಿಯಲ್ಲಿ.

ಹೀಗೆ ಶರಣಪ್ಪನ ಚಿಕಿತ್ಸೆ ಶುರುವಾಯಿತು. ಪರದೆ ಎಳೆದ ಕೋಣೆ. ಅವನು ಗೋಡೆಗೆ ಮುಖಮಾಡಿ ಕೂರಬೇಕು. ಪಕ್ಕದಲ್ಲಿ ಡಾಕ್ಟರ್. ಹಿಂದೆ, ಅವನಿಗೆ ಕಾಣದಂತೆ, ಟಾರ್ಚು ಹಿಡಿದ ನಾನು. ಮೊದಲ ದಿನ ಗೋಡೆಯ ಮೇಲಿದ್ದ ಹಲ್ಲಿಯೂ ಚುಕ್ಕೆಯ ಹಿಂದೆ ಕತ್ತು ತಿರುಗಿಸತೊಡಗಿತು. "ಅದಕ್ಕೂ ಏನೋ ಆಗೇತೇನ್ರಿ?" ಅಂದ ಶರಣಪ್ಪ. ನಗು ತಡೆಯಲು ನಾನು ಟಾರ್ಚಿನ ಹಿಂಭಾಗ ಕಚ್ಚಿಕೊಂಡೆ.

ಆಮೇಲಿನದು ನಗುವಂಥದ್ದಾಗಿರಲಿಲ್ಲ. ಅವನ ನೆನಪು ಒಂದೇ ಚಿತ್ರದಲ್ಲಿ ನಿಂತುಹೋಗಿತ್ತು: ತಗಡಿನ ಮೇಲೆ ಎರಡು ಬೆರಳು. ಅದರ ಹಿಂದಿಲ್ಲ, ಮುಂದಿಲ್ಲ. ಜೊತೆಗೆ ಒಂದೇ ಮಾತು: "ನಾನ ಒತ್ತಿದೆ." ಮಿಷನ್ ಹಳೆಯದು, ಪೆಡಲ್ ಒತ್ತದೆಯೇ ಅಚ್ಚು ಎರಡನೇ ಸಲ ತಾನಾಗಿಯೇ ಬಿದ್ದಿತ್ತು. ಇದನ್ನು ಯಮನೂರಪ್ಪ ಮೊದಲ ದಿನದಿಂದಲೂ ಹೇಳಿದ್ದ, ರಿಪೇರಿ ಮಾಡಿದವನೂ ಹೇಳಿದ್ದ. ಶರಣಪ್ಪನೂ, "ಗೊತ್ತೈತ್ರಿ" ಅನ್ನುತ್ತಿದ್ದ. ತಲೆಗೆ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ. ಮೈ ಇನ್ನೂ ಪೆಡಲ್ ಒತ್ತುತ್ತಲೇ ಇತ್ತು. ಚುಕ್ಕೆ ಓಡುವಾಗ ಅವನ ಬಲಗಾಲು ನೆಲ ಅದುಮುವುದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಕೆಲವು ದಿನ "ಬಂದ್" ಎಂದ. ನಿಲ್ಲಿಸಿ, ತಾರಸಿಯ ನೆರಳಿಗೆ ಕರೆದುಕೊಂಡು ಹೋಗಿ, ಕಳಿಸಿದೆವು. ಕೆಲವು ದಿನ ಅತ್ತ. ಒಂದು ದಿನ ಚುಕ್ಕೆ ನಿಂತಾಗ ಡಾಕ್ಟರ್ ಎಂದಿನಂತೆ, "ಈಗ ಏನ್ ಬರ್ತಿದೆ?" ಅಂದರು.

"ಆಟೋರಿ."

"ಅದರ ಜೊತೆಗೇ ಹೋಗಿ."

ಟಾರ್ಚು ಓಡಿತು, ನಿಂತಿತು.

"ಆಸ್ಪತ್ರಿಗೆ ಹೊಂಟೀವ್ರಿ. ಅವನ ಕೈಗೆ ನನ್ನ ಅಂಗಿ ಸುತ್ತೀನಿ. ರಸ್ತೆ ಭಾಳ ಕೆಟ್ಟದ್ರಿ, ಕುಲಕಾಡತೈತಿ."

ಮತ್ತೆ ಓಡಿತು, ನಿಂತಿತು. ನನ್ನ ನಾಲಿಗೆಯ ತುದಿಗೆ ಏಳೆಂಟು ಮಾತು ಬಂದು ನಿಂತಿದ್ದವು. ಎಲ್ಲವನ್ನೂ ನುಂಗಿದೆ.

"ಅಂವಾ ನನ್ನ ಹೆಗಲ ಮ್ಯಾಲ ತಲಿ ಇಟ್ಟಿದ್ದ್ರಿ." ಶರಣಪ್ಪನ ದನಿ ಬದಲಾಗಿತ್ತು. "ದಾರಿ ಪೂರ್ತಿ ಇಟ್ಟಿದ್ದ. ನಾನು ಮರತ ಬಿಟ್ಟಿದ್ದೆ ನೋಡ್ರಿ. ಸಿಟ್ಟಿದ್ದವ ಹಂಗ ತಲಿ ಇಡ್ತಾನೇನ್ರಿ, ಮೇಡಂ? ಆ ಕಡಿ ಸೂಪರ್‌ವೈಜರ್ ಕುಂತಿದ್ದ, ಅವನ ಮ್ಯಾಲ ಇಡಬೇಕಿತ್ತಲ್ರಿ."

ಎಂಥ ಒಳ್ಳೆಯ ಉತ್ತರಗಳಿದ್ದವು! ಡಾಕ್ಟರ್ ಒಂದನ್ನೂ ಕೊಡಲಿಲ್ಲ. "ಅದರ ಜೊತೆಗೇ ಹೋಗಿ" ಅಂದರು ಅಷ್ಟೆ. ನಾನು ಟಾರ್ಚು ಆಡಿಸಿದೆ. ನಡುವೆ ಎಲ್ಲೋ ಅವನ ಬಲಗಾಲು ನೆಲ ಒತ್ತುವುದನ್ನು ಬಿಟ್ಟಿತು. ಪಾದ ಚಪ್ಪಲಿಯಿಂದ ಜಾರಿ ಸುಮ್ಮನೆ ಪಕ್ಕಕ್ಕೆ ಒರಗಿತು. ಅದನ್ನು ಕಂಡವನು ನಾನೊಬ್ಬನೇ. ಇಡೀ ವೃತ್ತಿಯಲ್ಲಿ ನನಗೆ ಸಿಕ್ಕ ಪದಕ ಎಂದರೆ ಆ ಚಪ್ಪಲಿ.

ಎಷ್ಟು ಟನ್ ಎಂದು ಕೇಳಿದಾಗ ಎದೆ ಮುಟ್ಟಿ ನೋಡಿಕೊಂಡ. "ಮಿಷನ್ ತಗದಾರ್ರಿ. ಅದು ನಿಂತ ಜಾಗ ಐತಿ."

ಕೆಲವು ವಾರಗಳ ನಂತರ ಯಮನೂರಪ್ಪ ಒಬ್ಬನೇ ಬಂದು, ಬರುವ ರಜೆಯ ದಿನ ಊಟಕ್ಕೆ ಬರಬೇಕೆಂದು ನಮ್ಮಿಬ್ಬರನ್ನೂ ಕರೆದ. ಡಾಕ್ಟರ್ ನಕ್ಕು, ತಮ್ಮ ವೃತ್ತಿಯ ನಿಯಮ ಹೇಳಿ ಬೇಡವೆಂದರು. ವೈಪರಿಗೆ ಅಂಥ ನಿಯಮವೇನೂ ಇಲ್ಲವಲ್ಲ ಎಂದು ನಾನು ವಾದಿಸಿದೆ. "ಹೋಗಿ ಬಾರಪಾ. ಮಾತು ಕಮ್ಮಿ ಆಡು" ಎಂದು ಕಳಿಸಿದರು.

ರಾಜಗೋಪಾಲನಗರದ ಆ ಕೋಣೆಯಲ್ಲಿ ನಾವು ಮೂವರು ಕಾಲು ಮಡಚಿ ಕೂತರೆ ಬಾಗಿಲು ಮುಚ್ಚಲಾಗುತ್ತಿರಲಿಲ್ಲ. ಶರಣಪ್ಪ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಬಡಿಸಿದ. ಗೆಳೆಯನ ತಾಟು ಇಟ್ಟ. ನನ್ನದು ಇಟ್ಟ. ಎದ್ದು ನಿಂತ. ಯಮನೂರಪ್ಪ ರೊಟ್ಟಿ ಮುರಿಯದೆ ಹಾಗೇ ಕೂತ. ನನ್ನ ಕೈಯೂ ನಿಂತಿತು. ಶರಣಪ್ಪ ಬಾಗಿಲ ತನಕ ಹೋದ. ಅಲ್ಲಿದ್ದ ಕೊಡದಿಂದ ಚೊಂಬಿನಲ್ಲಿ ನೀರು ತುಂಬಿಕೊಂಡು ತಿರುಗಿ ಬಂದ. ಗೆಳೆಯನ ಎದುರಿಗೇ ಕೂತು ತನ್ನ ತಾಟು ಎಳೆದುಕೊಂಡ.

ಯಮನೂರಪ್ಪ ಹೆಬ್ಬೆರಳು, ಉಳಿದೆರಡು ಬೆರಳು ಸೇರಿಸಿ ರೊಟ್ಟಿ ಮುರಿದ. ಚೂರು ಜಾರಿ ಬಿತ್ತು. ಶರಣಪ್ಪ ಅದನ್ನು ನೋಡಿದ. ಕಣ್ಣು ತೆಗೆಯದೆ ನೋಡಿದ. ಆಮೇಲೆ, "ಹಂಗ ಹಿಡದರ ಹೆಂಗ ಬರ್ತೈತಲೇ, ಪಲ್ಯಾದಾಗ ನೆನಸು ಮೊದಲ" ಎಂದು ಗದರಿದ.

ಯಮನೂರಪ್ಪ ಕೂತಲ್ಲೇ ನೆಟ್ಟಗಾದ. ಗೆಳೆಯ ಗದರಿದ್ದಕ್ಕೆ ಮನುಷ್ಯನೊಬ್ಬನ ಮುಖ ಅಷ್ಟು ಅರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವನು ನನ್ನ ಕಡೆ ತಿರುಗಿದ. ಪಲ್ಯ ಮೆತ್ತಿದ ಬಲಗೈ ಎತ್ತಿ, ಎರಡು ಬೆರಳು ಇಲ್ಲದ ಆ ಜಾಗವನ್ನು ನನ್ನ ಮೂಗಿನ ಮುಂದೆ ಎಡಕ್ಕೆ, ಬಲಕ್ಕೆ ಗಂಭೀರವಾಗಿ ಆಡಿಸಿದ.

"ತಲಿ ಅಳ್ಳಾಡಸಬ್ಯಾಡ್ರಿ ಸರ. ನನ್ನ ಎರಡು ಬೆರಳ ಹಿಂದ ಕಣ್ಣು ಬರ್ಲಿ."

ನಾನು ಶರಣಪ್ಪನ ಕಡೆ ನೋಡಿದೆ. ಅವನ ಬಾಯಲ್ಲಿ ತುತ್ತಿತ್ತು. ಕಣ್ಣು ಗೆಳೆಯನ ಕೈಯ ಹಿಂದೆ ಆ ಕಡೆ ಹೋಯಿತು, ಈ ಕಡೆ ಬಂತು. ತುತ್ತು ನುಂಗಿ, ಹುಬ್ಬು ಎತ್ತಿ, ಡಾಕ್ಟರ್ ಗಿರಿಜಾ ಅವರ ದನಿಯಲ್ಲಿ, ದೇವರಾಣೆ ನನಗಿಂತ ಚೆನ್ನಾಗಿ, ಕೇಳಿದ:

"ಈಗ ಏನ್ ಬರ್ತಿದೆಯಪಾ, ಟೇಪ್ ರೆಕಾರ್ಡರ್?"

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಯಮನೂರಪ್ಪನ ತಲೆ ಶರಣಪ್ಪನ ಹೆಗಲಿಗೆ ಬಂದು ನಿಂತಿತು. ನಾನು ಬಾಯಿ ಮುಚ್ಚಿಕೊಂಡು ರೊಟ್ಟಿ ಮುರಿದೆ.